ಹೊಳಪಿನ ಸೈನ್ಯಕ್ಕೆ ಜಾತ್ರೆಯ ಪ್ಲಾಸ್ಟಿಕ್ಕು

ಮೇಜಿನ ಮೇಲೆ ಯುದ್ಧದಾಟ ಆಡುವವರು ತಮ್ಮ ಹೆಬ್ಬೆರಳುದ್ದದ ರಾಕ್ಷಸರಿಗೆ, ಕತ್ತಿವೀರರಿಗೆ ಬಣ್ಣ ಹಚ್ಚುವ ರೀತಿ ಈಗ ಹೆಚ್ಚುಕಡಿಮೆ ಒಂದೇ. ಕವಚಕ್ಕೆ ತುಕ್ಕು, ಮುಖಕ್ಕೆ ನೆರಳು, ಬಟ್ಟೆಯ ಮಡಿಕೆಯಲ್ಲಿ ಕೊಳೆ, ಮೇಲೊಂದು ಹೊಳಪಿಲ್ಲದ ವಾರ್ನಿಷ್. ಇದಕ್ಕಿಂತ ಹಳೆಯ ಪದ್ಧತಿಯೊಂದಿದೆ. ಅಲ್ಲಿ ಕೆಂಪು ಅಂದರೆ ಕೆಂಪೇ, ನೀಲಿ ಅಂದರೆ ನೀಲಿಯೇ. ಕೆನ್ನೆಗೆ ಗುಲಾಬಿ ಚುಕ್ಕೆ, ಕಣ್ಣಿಗೆ ಕಪ್ಪು ಚುಕ್ಕೆ, ಕೊನೆಗೆ ಇಡೀ ಮೈ ಮಿರಮಿರ ಮಿಂಚುವ ಹಾಗೆ ವಾರ್ನಿಷ್. ಕೈ ಪಳಗದವರ ಕೆಲಸವೆಂದು ಇದನ್ನು ತಳ್ಳಿಹಾಕುವವರು ಬಹಳ. ಆ ತೀರ್ಪು ತಪ್ಪು.

1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಸೀಸದ ಸೈನಿಕರನ್ನು ಒಳಗೆ ಟೊಳ್ಳಾಗಿ ಎರಕಹೊಯ್ಯಲು ಆರಂಭಿಸಿತು. ಕಾದ ಸೀಸವನ್ನು ಅಚ್ಚಿಗೆ ಸುರಿದು, ಹೊರಮೈ ಗಟ್ಟಿಯಾದ ಕೂಡಲೇ ಮಿಕ್ಕದ್ದನ್ನು ಹೊರಚೆಲ್ಲುವುದು ಅದರ ಗುಟ್ಟು. ಲೋಹ ಉಳಿಯಿತು, ಬೆಲೆ ಇಳಿಯಿತು. 54 ಮಿಲಿಮೀಟರಿನ ಆ ಸೈನಿಕರಿಗೆ ಕೈಯಿಂದಲೇ ಹೊಳಪಿನ ಬಣ್ಣ ಹಚ್ಚುತ್ತಿದ್ದರು. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಪುಸ್ತಕ ಬರೆದು ಆಟದ ನಿಯಮಗಳನ್ನು ಕೊಟ್ಟದ್ದೂ ಇಂಥ ಸೈನಿಕರನ್ನೇ ನೆಲದ ಮೇಲೆ ಸಾಲು ನಿಲ್ಲಿಸಿಕೊಂಡು. ಮುಂದೆ ಸೀಸ ಹೋಯಿತು, ಪ್ಲಾಸ್ಟಿಕ್ ಬಂತು.

ಅಗ್ಗದ ಪ್ಲಾಸ್ಟಿಕ್ಕಿಗೂ ಕಲ್ಪನಾಲೋಕದ ಆಟಕ್ಕೂ ನಂಟು ಹಳೆಯದು. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದ ಗ್ಯಾರಿ ಗೈಗ್ಯಾಕ್ಸ್, ಚೀಲದಲ್ಲಿ ಮಾರುತ್ತಿದ್ದ ವಿಚಿತ್ರ ಪ್ಲಾಸ್ಟಿಕ್ ಪ್ರಾಣಿಗಳನ್ನು ತಂದು ಮೇಜಿನ ಮೇಲಿಟ್ಟಿದ್ದರು. ಆಟದ ಪ್ರಸಿದ್ಧ ಭೂತಮೃಗಗಳಲ್ಲಿ ಕೆಲವು ಹುಟ್ಟಿದ್ದು ಆ ಚೀಲದಿಂದಲೇ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಯಂಥ ಕಡೆ ಆಟಿಕೆ ಅಂಗಡಿಗಳ ಮುಂದೆ ನಿಂತವರಿಗೆ ಆ ಚೀಲ ಹೊಸದೇನಲ್ಲ. ಹಲ್ಲು ಕಿರಿವ ಡೈನೋಸಾರ್, ಕೋತಿ, ಹದ್ದು, ಹಸಿರು ಸಿಪಾಯಿ. ಪಕ್ಕದ ಮೊಳಕಾಲ್ಮೂರಿನಲ್ಲಿ ಜಟಿಂಗ ರಾಮೇಶ್ವರ ಬೆಟ್ಟವಿದೆ. ರಾವಣನ ಏಟಿಗೆ ಜಟಾಯು ಬಿದ್ದದ್ದು ಇಲ್ಲೇ ಎಂದು ಜನ ನಂಬುತ್ತಾರೆ. ಹದ್ದನ್ನು ಜಟಾಯು ಮಾಡಿ, ಕೋತಿಗಳನ್ನು ವಾನರಸೇನೆ ಮಾಡಿ, ಡೈನೋಸಾರಿನ ಬೆನ್ನಿಗೊಬ್ಬ ರಾಕ್ಷಸನನ್ನು ಹತ್ತಿಸಿದರೆ ಸೈನ್ಯ ಸಿದ್ಧ. ವಿದೇಶಿ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ.

ಆದರೆ ಹೊಳಪೇ ಯಾಕೆ? ಅಗ್ಗದ ಗೊಂಬೆಯ ಅಚ್ಚು ಮೊಂಡು, ಮೂಗು ಬಾಯಿ ಅಸ್ಪಷ್ಟ. ಅದರ ಮೇಲೆ ಸೂಕ್ಷ್ಮ ನೆರಳು ಮೂಡಿಸಲು ಹೋದರೆ ಕೊಳೆ ಮೆತ್ತಿದಂತೆ ಕಾಣುತ್ತದೆ. ತೆಳ್ಳಗಿನ ಗೆರೆಯಲ್ಲಿ ನಿಲ್ಲಿಸಿದ ಅಚ್ಚ ಬಣ್ಣ, ಅಚ್ಚು ಹೇಳದೆ ಬಿಟ್ಟದ್ದನ್ನು ಹೇಳಿಬಿಡುತ್ತದೆ. ಇದು ಕನ್ನಡಿಗರಿಗೆ ಪರಕೀಯ ಬುದ್ಧಿಯಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಯ ಸಂದುಗಳನ್ನು ಮರದ ಪುಡಿ, ಹುಣಸೆ ಬೀಜದ ಅಂಟಿನಿಂದ ಮುಚ್ಚಿ, ಕಣ್ಣು, ಹುಬ್ಬು, ಒಡವೆಯನ್ನೆಲ್ಲ ಕುಂಚದಿಂದಲೇ ಬಿಡಿಸುತ್ತಾರೆ. ಚನ್ನಪಟ್ಟಣದ ದಾರಿ ಬೇರೆ. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ಉಜ್ಜುವ ಬಿಸಿಗೆ ಅದು ಕರಗಿ ಹಿಡಿದ ಮೇಲೆ ತಾಳೆಗರಿಯಿಂದ ತಿಕ್ಕುತ್ತಾರೆ. ಅಲ್ಲಿ ಬಣ್ಣ, ಹೊಳಪು ಎರಡೂ ಒಂದೇ ಪದರ. ಮಿಂಚು ಚನ್ನಪಟ್ಟಣದ್ದು, ಕುಂಚ ಕಿನ್ನಾಳದ್ದು. ಆಟಿಕೆ ಸೈನಿಕನಿಗೆ ಎರಡೂ ಬೇಕು.

ಯಾವ ಬಣ್ಣದ ಪಕ್ಕ ಯಾವುದು ಎಂಬುದಕ್ಕೆ ಪಾಠ ಇನ್ನೂ ಹತ್ತಿರದಲ್ಲಿದೆ. ಮೊಳಕಾಲ್ಮೂರು ರೇಷ್ಮೆ ಸೀರೆಯಲ್ಲಿ ಒಡಲಿಗೆ ಒಂದು ಬಣ್ಣ, ಅಂಚಿಗೆ ಅದಕ್ಕೆ ಎದುರಾಗುವ ಇನ್ನೊಂದು. ದೂರದಿಂದಲೇ ಎರಡೂ ಬೇರೆ ಬೇರೆ ಎದ್ದು ಕಾಣುತ್ತವೆ. ಸೈನ್ಯವನ್ನು ನೋಡುವುದೂ ದೂರದಿಂದಲೇ. ಮೇಜಿನಾಚೆ ಕೂತ ಎದುರಾಳಿಗೆ ನಲವತ್ತು ವಾನರರು ಒಂದು ದಂಡಾಗಿ ಕಾಣಬೇಕು. ಗಂಟೆಗಟ್ಟಲೆ ಬರೆದ ಕಣ್ರೆಪ್ಪೆ ಅಲ್ಲಿಗೆ ತಲುಪುವುದಿಲ್ಲ, ಕೆಂಪು ಕಚ್ಚೆಗೆ ಹಾಕಿದ ಹಳದಿ ಅಂಚು ತಲುಪುತ್ತದೆ.

ಈ ಶೈಲಿಗೆ ಮಿತಿಗಳಿವೆ, ಅವು ಸಣ್ಣವಲ್ಲ. ಭಯ ಹುಟ್ಟಿಸುವುದು ಇದರ ಕೈಲಾಗದು. ಗುಲಾಬಿ ಕೆನ್ನೆಯ ರಾಕ್ಷಸ ಎಷ್ಟೇ ಕೋರೆಹಲ್ಲು ತೋರಿಸಿದರೂ ಬೊಂಬೆಯೇ. ಲಂಕೆಯ ಕರಾಳತನ ಬೇಕೆನ್ನುವವರು ಬೇರೆ ದಾರಿ ಹಿಡಿಯಬೇಕು. ನುಣುಪಾಗಿ ಕೆತ್ತಿದ ದುಬಾರಿ ಶಿಲ್ಪದ ಮೇಲೆ ದಪ್ಪ ವಾರ್ನಿಷ್ ಹಚ್ಚುವುದಂತೂ ಅನ್ಯಾಯ. ಶಿಲ್ಪಿಯ ಗೆರೆಗಳೆಲ್ಲ ಮುಳುಗುತ್ತವೆ. ಫೋಟೊದಲ್ಲಿ ದೀಪದ ಬಿಳಿ ಚುಕ್ಕೆಗಳು ಬಿದ್ದು ಮುಖವೇ ಕಾಣದಾಗುವುದೂ ಉಂಟು. ಹೊಳಪಿನ ಮೇಲೆ ತಪ್ಪು ಅಡಗುವುದಿಲ್ಲ, ಗಡಿ ದಾಟಿದ ಒಂದು ಕುಂಚದೆಳೆ ಇಡೀ ಗೊಂಬೆಯನ್ನು ಕೆಡಿಸುತ್ತದೆ. ಸುಲಭ ಎಂದುಕೊಂಡು ಇದಕ್ಕೆ ಕೈಹಾಕಿದವರು ಬೇಗ ಸೋಲುವುದು ಇಲ್ಲೇ.

ಬಯಲುಸೀಮೆಯ ಗಾಳಿಯದು ಇನ್ನೊಂದು ಕಾಟ. ಮಳೆ ಕಡಿಮೆಯಾದ ಚಳ್ಳಕೆರೆಯಲ್ಲಿ ಆಷಾಢದ ಗಾಳಿ ಎಬ್ಬಿಸಿದ ಧೂಳು ಹಸಿ ವಾರ್ನಿಷ್‌ಗೆ ಅಂಟಿದರೆ ಕೆರೆದು ತೆಗೆಯಬೇಕು. ನಿಧಾನವಾಗಿ ಒಣಗುವ ಎನಾಮೆಲ್ ಬಿಟ್ಟು ಅಕ್ರಿಲಿಕ್ ಬಣ್ಣ ಹಿಡಿಯುವುದು, ವಾರ್ನಿಷ್ ಬಳಿದ ಗೊಂಬೆಗಳ ಮೇಲೆ ಪಾತ್ರೆ ಬೋರಲು ಹಾಕುವುದು ಜಾಣತನ. ಅದಕ್ಕೂ ಮೊದಲು ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡು ತೆಗೆದು, ಪ್ರೈಮರ್ ಕೊಡಬೇಕು. ಬಾಗುವ ಮೆತ್ತನೆ ಪ್ಲಾಸ್ಟಿಕ್ಕಿನಲ್ಲಿ ಅಷ್ಟೆಲ್ಲ ಮಾಡಿದರೂ ಈಟಿಯ ತುದಿಯ ಬಣ್ಣ ಎದ್ದುಬರುತ್ತದೆ. ಹಾಗಾಗಿ ಕೊಳ್ಳುವಾಗಲೇ ಕೈಯಲ್ಲಿ ಬಾಗಿಸಿ ನೋಡಿ, ಗಟ್ಟಿ ಪ್ಲಾಸ್ಟಿಕ್ಕಿನದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.