ಕುಣಿವ ಗೆರೆ, ಬಾಗಿದ ಬೆನ್ನು: ಕೆ. ಕೆ. ಹೆಬ್ಬಾರರ ಕಲೆಯ ಸಾಮಾಜಿಕ ನೆಲೆ

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು (1911–1996) ಉಡುಪಿಯ ಸಮೀಪದವರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅವರ ಹುಟ್ಟೂರೂ ನಮ್ಮ ದೇಲಂಪಾಡಿಯೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆದುದರಿಂದ ಗಡಿನಾಡಿನ ನಾವು ಅವರನ್ನು ನೆನೆಯುವಾಗ ಪರವೂರಿನ ಪ್ರತಿಭೆಯನ್ನು ಕೊಂಡಾಡುತ್ತಿಲ್ಲ, ನಮ್ಮ ಮನೆಯವರ ಸಾಧನೆಯನ್ನೇ ತೂಗಿ ನೋಡುತ್ತಿದ್ದೇವೆ.

ಹೆಬ್ಬಾರರೆಂದೊಡನೆ ನಮಗೆ ನೆನಪಾಗುವುದು ಅವರ ‘ಹಾಡುವ ರೇಖೆ’. ನಾಲ್ಕಾರು ಗೆರೆಗಳಲ್ಲಿ ನರ್ತಕಿ ಮೈದಳೆಯುತ್ತಾಳೆ, ಮದ್ದಳೆ ನುಡಿಯುತ್ತದೆ. ಲಯದ ಮರ್ಮವನ್ನರಿಯಲು ಅವರು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನೇ ಅಭ್ಯಸಿಸಿದರು. ಈ ಸೊಬಗಿಗೆ ಮನಸೋತ ನಾವು ಅವರ ಕಲೆಯ ಇನ್ನೊಂದು ಮುಖವನ್ನು ಅಷ್ಟಾಗಿ ಗಮನಿಸಲಿಲ್ಲ. ಬಡತನ, ಹಸಿವು, ಯುದ್ಧ, ಅಣುಸ್ಫೋಟದ ವಿನಾಶ ಇವೂ ಅವರ ಕುಂಚಕ್ಕೆ ವಸ್ತುವಾದವು.

ಆ ನೆಲೆಗೆ ಅವರು ಒಮ್ಮೆಲೇ ಬಂದವರಲ್ಲ. ಮುಂಬಯಿಯ ಜೆ. ಜೆ. ಕಲಾಶಾಲೆಯ ಶಿಕ್ಷಣ ಅವರಿಗೆ ಕೈಚಳಕವನ್ನು ಕೊಟ್ಟಿತು. ಅಮೃತಾ ಶೇರ್‌ಗಿಲ್ ಮತ್ತು ಗೋಗ್ಯಾಂ ಅವರ ಚಿತ್ರಗಳು ಸಾಮಾನ್ಯರ ಬದುಕನ್ನು ಗಾಢವರ್ಣದಲ್ಲಿ ಕಾಣುವ ಕಣ್ಣನ್ನು ಕೊಟ್ಟವು. ಆರಂಭದ ಕೇರಳ ಚಿತ್ರಮಾಲೆಯಲ್ಲಿ ಈ ಪ್ರಭಾವ ಎದ್ದು ಕಾಣುತ್ತದೆ. 1949ರಲ್ಲಿ ಪ್ಯಾರಿಸಿಗೆ ತೆರಳಿ ಅಕಾಡೆಮಿ ಜೂಲಿಯಾಂನಲ್ಲಿ ಅಭ್ಯಾಸ ಮಾಡಿದರೂ, ಅಲ್ಲಿಂದ ಮರಳಿದ ಮೇಲೆ ಅವರು ಮನುಷ್ಯಾಕೃತಿಯನ್ನು ಕೈಬಿಡಲಿಲ್ಲ. ಅಮೂರ್ತದ ಅಂಚಿನವರೆಗೆ ಸಾಗಿದಾಗಲೂ ದುಡಿಯುವ ಜನ ಅವರ ಚಿತ್ರಫಲಕದಿಂದ ಮರೆಯಾಗಲಿಲ್ಲ.

ಇಲ್ಲೊಂದು ಆಕ್ಷೇಪಕ್ಕೆ ಎಡೆಯಿದೆ. 1943ರ ಬಂಗಾಳದ ಕ್ಷಾಮವನ್ನು ಊರೂರು ಅಲೆದು ಚಿತ್ರಿಸಿದ ಚಿತ್ತಪ್ರಸಾದರ ಪುಸ್ತಕವನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡು ನಾಶಮಾಡಿತು. ಅವರ ಕಪ್ಪು ಗೆರೆ ಪಕ್ಕೆಲುಬುಗಳನ್ನು ಎಣಿಸುತ್ತದೆ, ಅಪರಾಧಿಯತ್ತ ಬೆರಳು ತೋರುತ್ತದೆ. ಹೆಬ್ಬಾರರ ಗೆರೆ ಹಾಗೆ ಬೆರಳು ತೋರುವುದಿಲ್ಲ. ಬಾಗಿದ ಬೆನ್ನೂ ಅವರಲ್ಲಿ ಲಯವಾಗುತ್ತದೆ. ಲಯ ಸುಂದರವಾದಷ್ಟೂ ನೋವು ಅಲಂಕಾರವಾಗುವ ಅಪಾಯವುಂಟು. ಕೆಲವೆಡೆ ಆ ಅಪಾಯವನ್ನು ಅವರು ದಾಟಲಾರದೆ ಹೋಗಿದ್ದಾರೆಂದೇ ನಮ್ಮ ಅಭಿಪ್ರಾಯ.

ಆದರೂ ಅವರ ಮಾರ್ಗಕ್ಕೆ ತನ್ನದೇ ಆದ ಸತ್ತ್ವವಿದೆ. ಇದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಕೀರಿಕ್ಕಾಡು ವಿಷ್ಣು ಮಾಸ್ತರರು ಬೆಳೆಸಿದ ಬನಾರಿಯ ಯಕ್ಷಗಾನ ಪರಂಪರೆ ನಮ್ಮೂರಿನದೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕಿರೀಟವಿಲ್ಲ. ಬರಿಯ ಮಾತಿನಿಂದ ಕೌರವನಿಗೂ ಕರ್ಣನಿಗೂ ಘನತೆ ದೊರೆಯುತ್ತದೆ. ಹಾಗೆಯೇ ಬಣ್ಣದ ಹಂಗಿಲ್ಲದ ಬರಿಯ ಗೆರೆಯಿಂದ ಹೆಬ್ಬಾರರು ಕೂಲಿಯಾಳಿಗೂ ನರ್ತಕಿಗೂ ಒಂದೇ ಗೌರವವನ್ನು ಸಲ್ಲಿಸುತ್ತಾರೆ. ದುಡಿಯುವವನನ್ನು ಕನಿಕರದ ವಸ್ತುವಾಗಿ ನೋಡದೆ ಸಮಾನನಾಗಿ ಕಾಣುವುದೂ ಒಂದು ಸಾಮಾಜಿಕ ವಿಮರ್ಶೆಯೇ. ಚಿತ್ತಪ್ರಸಾದರು ‘ಇದಕ್ಕೆ ಯಾರು ಹೊಣೆ?’ ಎಂದು ಕೇಳಿದರೆ, ಹೆಬ್ಬಾರರು ‘ಇವನು ಯಾರೆಂದು ಬಲ್ಲೆಯಾ?’ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಉತ್ತರಿಸದವನು ಮೊದಲನೆಯದನ್ನು ಕೇಳುವುದೇ ಇಲ್ಲ.

ಪದ್ಮಶ್ರೀ (1961), ಪದ್ಮಭೂಷಣ (1989) ಪ್ರಶಸ್ತಿಗಳನ್ನು ನೆನೆದು ಹೆಮ್ಮೆಪಡುವುದು ಸುಲಭ. ಅವರ ದೃಷ್ಟಿಯನ್ನು ಮುಂದುವರಿಸುವುದು ಕಷ್ಟದ ಕೆಲಸ. ಸಮ್ಮೇಳನಗಳ ಚಿತ್ರಸ್ಪರ್ಧೆಗಳಲ್ಲಿ ನಮ್ಮ ಮಕ್ಕಳು ಸೂರ್ಯಾಸ್ತ, ತೆಂಗಿನಮರ, ಯಕ್ಷಗಾನದ ಕಿರೀಟಗಳನ್ನು ಅಂದವಾಗಿ ಬರೆಯುತ್ತಾರೆ. ಮಳೆಗಾಲದಲ್ಲಿ ಅಡಿಕೆಮರವೇರಿ ಮದ್ದು ಬಿಡುವವನು, ಜಗಲಿಯಲ್ಲಿ ಕುಳಿತು ಬೀಡಿ ಸುತ್ತುವ ತಾಯಿ ಆ ಹಾಳೆಗಳಲ್ಲಿ ಕಾಣುವುದು ಅಪರೂಪ. ಬಹುಮಾನವನ್ನು ನಿರ್ಣಯಿಸುವ ಹಿರಿಯರಾದ ನಾವು ಅಂದವನ್ನಷ್ಟೇ ಮೆಚ್ಚುತ್ತ ಬಂದರೆ ಮಕ್ಕಳು ಅದನ್ನಷ್ಟೇ ಬರೆದಾರು. ಗೆರೆ ಹಾಡಬೇಕು, ನಿಜ. ಯಾರ ಹಾಡನ್ನು ಹಾಡುತ್ತಿದೆಯೆಂಬ ಎಚ್ಚರವೂ ಅದಕ್ಕಿರಬೇಕು. ಹೆಬ್ಬಾರರಿಂದ ನಾವು ಕಲಿಯಬೇಕಾದ ಪಾಠ ಇದು.