ಕೋಸಂಬಿಯವರ ಕೊನೆಯ ಉಪವಾಸ

ಗೋವೆಯ ಸಾಂಖವಾಳದಲ್ಲಿ 1876ರಲ್ಲಿ ಹುಟ್ಟಿದ ಪಾಲಿ ವಿದ್ವಾಂಸ ಧರ್ಮಾನಂದ ಕೋಸಂಬಿಯವರ ಮಾತು ಬಂದಾಗ ಒಂದು ತೀರ್ಪು ಸಿದ್ಧವಾಗಿರುತ್ತದೆ: ಬೌದ್ಧರಾಗಿ ಬಾಳಿದವರು ಜೈನರಾಗಿ ಸತ್ತರು. 1947ರ ಜೂನ್ 4ರಂದು ಸೇವಾಗ್ರಾಮದಲ್ಲಿ ಅವರು ಅನ್ನ ಬಿಟ್ಟು ಪ್ರಾಣ ಬಿಟ್ಟದ್ದೇ ಅದಕ್ಕೆ ಆಧಾರ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಅನ್ನ ತೊರೆದು ಸಾಯುವ ಸಲ್ಲೇಖನ ವ್ರತದ ಶಾಸನಗಳನ್ನು ಕಂಡಿರುವ ಕನ್ನಡಿಗರಿಗಂತೂ ಈ ತೀರ್ಪು ಥಟ್ಟನೆ ಹಿಡಿಸುತ್ತದೆ. ನಾನು ಇದನ್ನು ಒಪ್ಪಲಾರೆ.

ಮೇಲ್ನೋಟಕ್ಕೆ ಅದು ಸರಿಯೇ. ಜೈನ ತೀರ್ಥಂಕರ ಪಾರ್ಶ್ವನಾಥನ ನಾಲ್ಕು ವ್ರತಗಳ ಚಾತುರ್ಯಾಮ ಧರ್ಮದ ಮೇಲೆ ಪುಸ್ತಕ ಬರೆದ ಕೋಸಂಬಿ, ಮುಪ್ಪಿನಲ್ಲಿ ದೇಹ ತೊರೆಯುವ ಜೈನ ಪದ್ಧತಿಯನ್ನು ಮೆಚ್ಚಿದ್ದರು. ಆದರೆ ಸಲ್ಲೇಖನ ನಿಂತಿರುವುದು ಜೀವದ ಮೇಲೆ. ಅಂಟಿದ ಕರ್ಮವನ್ನು ತಪಸ್ಸಿನಿಂದ ಉದುರಿಸಿಕೊಂಡು ಮೇಲೇರುವ ಜೀವವೊಂದು ಅಲ್ಲಿ ಬೇಕೇ ಬೇಕು. ಬುದ್ಧನಲ್ಲಿ ಅದಕ್ಕೆ ಜಾಗವಿಲ್ಲ. ಒಂದೇ ವಿಜ್ಞಾನ, ಎಂದರೆ ಅರಿವು, ಜನ್ಮದಿಂದ ಜನ್ಮಕ್ಕೆ ಸಾಗುತ್ತದೆ ಎಂದ ಸಾತಿ ಎಂಬ ಭಿಕ್ಷುವನ್ನು ಬುದ್ಧ ಕಟುವಾಗಿಯೇ ಗದರಿದ್ದಾನೆ. ಬೌದ್ಧರ ಪುನರ್ಜನ್ಮವೂ ಆತ್ಮ ಹಳೆಯ ಬಟ್ಟೆ ಕಳಚಿದಂತೆ ಎಂದು ನಂಬಿರುವ ನಮ್ಮವರು ಇದನ್ನು ಗಮನಿಸುವುದೇ ಇಲ್ಲ.

ಕೋಸಂಬಿಯವರಿಗೆ ಇದೆಲ್ಲ ಅಂಗೈ ನೆಲ್ಲಿ. ಅಮೆರಿಕದ ವಿದ್ವಾಂಸ ವಾರೆನ್ ಅರ್ಧಕ್ಕೆ ಬಿಟ್ಟುಹೋದ, ಬುದ್ಧಘೋಷನ ಪಾಲಿ ಗ್ರಂಥ 'ವಿಸುದ್ಧಿಮಗ್ಗ'ದ ಸಂಪಾದನೆಯನ್ನು ಹಾರ್ವರ್ಡ್‌ನಲ್ಲಿ ಮುಗಿಸಿದವರು ಅವರು; ಅದು ಅಚ್ಚಾದದ್ದು 1950ರಲ್ಲಿ, ಅವರು ಹೋದ ಮೇಲೆ. ಮರುಹುಟ್ಟನ್ನು ಆ ಗ್ರಂಥ ಪ್ರತಿಧ್ವನಿಗೆ ಹೋಲಿಸುತ್ತದೆ: ಕೂಗಿದ್ದರಿಂದಲೇ ಬಂತು, ಆದರೆ ಕೂಗೇ ಅಲ್ಲಿಗೆ ನಡೆದುಹೋಗಲಿಲ್ಲ.

ಹಾಗಿದ್ದರೆ ತಾನಾಗಿ ಆರಿಸಿಕೊಂಡ ಸಾವಿಗೆ ಬೌದ್ಧರ ಅಳತೆ ಯಾವುದು? ಬೇನೆ ತಾಳಲಾರದೆ ಪ್ರಾಣ ಕಳೆದುಕೊಳ್ಳಲು ಹೊರಟ ಭಿಕ್ಷು ಛನ್ನನಿಗೆ ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತ, ಬದುಕಿರು, ಔಷಧ ತರುತ್ತೇನೆ, ಶುಶ್ರೂಷೆ ನಾನೇ ಮಾಡುತ್ತೇನೆ ಎನ್ನುತ್ತಾನೆ. ಛನ್ನ ಹೋದ ಮೇಲೆ ಬುದ್ಧ ಹೇಳುವುದು ಇಷ್ಟೆ: ಈ ದೇಹ ಬಿಟ್ಟು ಇನ್ನೊಂದಕ್ಕೆ ಅಂಟಿಕೊಳ್ಳುವವನಲ್ಲಿ ದೋಷ. ನೋಡಬೇಕಾದದ್ದು ತೃಷ್ಣೆಯನ್ನು. ಇರಬೇಕೆಂಬ ಆಸೆಯಂತೆ ಇಲ್ಲವಾಗಬೇಕೆಂಬ ಆಸೆಯೂ ತೃಷ್ಣೆಯೇ, ಭವತೃಷ್ಣೆಯ ಜೊತೆಗೇ ವಿಭವತೃಷ್ಣೆ. ಕೋಸಂಬಿಯವರ ಮನಸ್ಸಿನಲ್ಲಿ ಆ ಎಳೆ ಉಳಿದಿತ್ತೇ ಎಂದು ಅಳೆಯುವ ಅಧಿಕಾರ ದಂಡೆಯಲ್ಲಿ ನಿಂತವರಿಗಿಲ್ಲ. 'ಜೈನ ಸಾವು' ಎಂದು ಹಣೆಪಟ್ಟಿ ಹಚ್ಚುವವರು ಈ ಪ್ರಶ್ನೆಯನ್ನು ಮುಟ್ಟುವುದೂ ಇಲ್ಲ.

ಇಚ್ಛಾಮರಣಿ ಎಂದು ಅವರನ್ನು ಕೊಂಡಾಡುವವರ ಬಗ್ಗೆಯೂ ನನಗೆ ಅಷ್ಟೇ ತಕರಾರಿದೆ. ಸಾವನ್ನು ಹೊಗಳಿ ಇನ್ನೊಬ್ಬರನ್ನು ಅದಕ್ಕೆ ಹುರಿದುಂಬಿಸುವ ಭಿಕ್ಷುವಿಗೆ ಸಂಘದಲ್ಲಿ ಸ್ಥಾನವಿಲ್ಲ ಎನ್ನುತ್ತದೆ ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕ. ಈ ಕೊನೆಯ ಉಪವಾಸಕ್ಕೂ ಮೊದಲು ಕೈಗೊಂಡಿದ್ದ ಇನ್ನೊಂದನ್ನು ಕೋಸಂಬಿ ಕೈಬಿಟ್ಟದ್ದು ಗಾಂಧೀಜಿಯ ಮಾತಿಗೆ ಕಟ್ಟುಬಿದ್ದು. ಆ ತಡೆದ ಕೈ ಸಾರಿಪುತ್ತನದೇ. ಮುಪ್ಪಾದವರು, ಕಾಯಿಲೆಯವರು ತಾವು ಮನೆಗೆ ಭಾರವೆಂದು ಒಳಗೊಳಗೇ ಕೊರಗುತ್ತಿರುವಾಗ ಸಭೆಗಳಲ್ಲಿ ಅಂಥ ಸಾವಿಗೆ ಆರತಿ ಎತ್ತುವುದು ಕ್ರೌರ್ಯ.

ಅವರ ನೆನಪಿಗೆಂದು ಸೇರುವವರು ವಿಸುದ್ಧಿಮಗ್ಗದ ಮರಣಸ್ಮೃತಿಯ ಭಾಗವನ್ನು ಓದಲಿ. ಪ್ರೀತಿಪಾತ್ರರ ಸಾವನ್ನು ನೆನೆದರೆ ಶೋಕ, ಹಗೆಯ ಸಾವನ್ನು ನೆನೆದರೆ ಸಂತೋಷ, ಯಾರದೋ ಸಾವಾದರೆ ಸುಡುಗಾಡು ಕಾಯುವವನ ನಿರ್ಲಿಪ್ತಿ, ತನ್ನದೇ ಆದರೆ ಅಂಜಿಕೆ. ಇವುಗಳಲ್ಲಿ ಯಾವುದೂ ಸಲ್ಲದೆಂದು ಬುದ್ಧಘೋಷ ಆರಂಭದಲ್ಲೇ ಎಚ್ಚರಿಸುತ್ತಾನೆ.