ಭರವಸೆಯ ಅಚ್ಚು: 115ನೆಯ ಕೀರ್ತನೆಯ ಮರುಓದು

115ನೆಯ ಕೀರ್ತನೆಯನ್ನು ನೆರೆಯವರ ವಿಗ್ರಹಾರಾಧನೆಯ ಖಂಡನೆಯೆಂದೇ ಓದುವ ರೂಢಿ ನಮ್ಮ ಪ್ರಬೋಧನೆಗಳಲ್ಲಿ ಇನ್ನೂ ಉಳಿದಿದೆ. ಈ ಓದು ಕೀರ್ತನೆಯ ಅರ್ಧವನ್ನಷ್ಟೇ ಕೇಳಿಸಿಕೊಳ್ಳುತ್ತದೆ.

ಜಿ. ಕೆ. ಬೀಲ್ ಅವರ ‘ವಿ ಬಿಕಮ್ ವಾಟ್ ವಿ ವರ್ಷಿಪ್’ (2008) ಗ್ರಂಥವು ಈ ರೂಢಿಯನ್ನು ಅಲುಗಾಡಿಸುತ್ತದೆ. ವಿನಾಶಕ್ಕಾಗಲಿ, ಪುನರುದ್ಧಾರಕ್ಕಾಗಲಿ, ಮನುಷ್ಯನು ತಾನು ಆರಾಧಿಸುವುದನ್ನೇ ಹೋಲತೊಡಗುತ್ತಾನೆ ಎಂಬುದು ಅದರ ಪ್ರಮೇಯ. ಯೆಶಾಯನ ಆರನೆಯ ಅಧ್ಯಾಯದಲ್ಲಿ ಬರುವ, ಕಂಡೂ ಕಾಣದ, ಕೇಳಿಯೂ ಗ್ರಹಿಸದ ಜನಾಂಗವನ್ನು ಅವರು ವಿಗ್ರಹದ ಪ್ರತಿರೂಪವೆಂದು ಓದುತ್ತಾರೆ. ಚಿನ್ನದ ಹೋರಿಕರುವಿಗೆ ಎರಗಿದವರು ನೊಗಕ್ಕೆ ಒಗ್ಗದ ಪಶುವಿನಂತೆ ‘ಬಗ್ಗದ ಕೊರಳಿನವರು’ ಎನಿಸಿಕೊಂಡುದರಲ್ಲಿಯೂ (ವಿಮೋ. 32) ಅದೇ ನಿಯಮವನ್ನು ಕಾಣುತ್ತಾರೆ. ಈ ಜೋಡಣೆಯೇ ಗ್ರಂಥದ ಬಲ.

ಆದರೆ ಶೀರ್ಷಿಕೆಯೇ ಸೂಚಿಸುವಂತೆ ಗ್ರಂಥದ ಕೇಂದ್ರಪದ ‘ಆರಾಧನೆ’. ಕೀರ್ತನೆಯ ಎಂಟನೆಯ ವಚನದ ಕ್ರಿಯಾಪದವಾದರೋ ‘ಬಾಟಹ್’, ಅಂದರೆ ಭರವಸೆಯಿಡುವುದು. ಈ ವ್ಯತ್ಯಾಸ ಸಣ್ಣದಲ್ಲ. ಆರಾಧನೆ ಕಣ್ಣಿಗೆ ಕಾಣುತ್ತದೆ. ಭರವಸೆ ಒಳಗೊಳಗೇ ಬೇರೂರುತ್ತದೆ. ಬಾಯಲ್ಲಿ ಸರ್ವೇಶ್ವರನನ್ನು ಸ್ತುತಿಸುತ್ತಲೇ ಬೇರೊಂದರ ಮೇಲೆ ಭಾರ ಹಾಕಿ ಬದುಕಲು ಸಾಧ್ಯ. ಹೀಬ್ರೂ ಪಾಠದಲ್ಲಿ ಅದೇ ಕ್ರಿಯಾಪದವು 9ರಿಂದ 11ನೆಯ ವಚನದವರೆಗೆ ಮೂರು ಬಾರಿ ಆಜ್ಞೆಯಾಗಿ ಮರಳುತ್ತದೆ: ಇಸ್ರಯೇಲಿಗೆ, ಆರೋನನ ಮನೆತನಕ್ಕೆ, ಸರ್ವೇಶ್ವರನಿಗೆ ಭಯಪಡುವವರಿಗೆ. ಯಾಜಕಕುಲವನ್ನು ಕೀರ್ತನೆ ಹೆಸರೆತ್ತಿ ಕರೆಯುತ್ತದೆ. ಎಚ್ಚರಿಕೆ ಹೊರಗಿನವರಿಗೆ ಮಾತ್ರವಲ್ಲ, ಬಲಿಪೀಠದ ಬಳಿ ನಿಂತವರಿಗೂ ಹೌದು.

ಯಾಜಕರಾದ ನಮಗೆ ಬೆಳ್ಳಿಬಂಗಾರವು ಹಲವೊಮ್ಮೆ ಸಂಸ್ಥೆಗಳ ರೂಪದಲ್ಲಿ ಬರುತ್ತದೆ. ಶಾಲೆ, ಆಸ್ಪತ್ರೆಗಳು ಸೇವೆಯ ಸಾಧನಗಳು. ಅವುಗಳಿಲ್ಲದೆ ಧರ್ಮಸಭೆಯೇ ಉಳಿಯದೆಂದು ನಂಬಿದ ದಿನ ಅವು ನಮ್ಮನ್ನು ತಮ್ಮ ಅಚ್ಚಿಗೆ ಎರಕಹೊಯ್ಯುತ್ತವೆ. ಮಗುವಿನ ಕೈಹಿಡಿದು ಕಚೇರಿಯ ಬಾಗಿಲಲ್ಲಿ ನಿಂತ ತಾಯಿಗೆ ನಿಯಮಾವಳಿಯನ್ನಷ್ಟೇ ಓದಿಹೇಳುವಾಗ ನಮಗೆ ಕಿವಿಗಳಿರುತ್ತವೆ, ಆಕೆಯ ಮಾತು ಕೇಳಿಸುವುದಿಲ್ಲ. ಹಾಗೆ ಉತ್ತರಿಸಿದವರಲ್ಲಿ ನಾವೂ ಇದ್ದೇವೆ.

ಕೀರ್ತನೆ ಇಲ್ಲಿಗೆ ನಿಲ್ಲುವುದಿಲ್ಲ. 12ನೆಯ ವಚನದಲ್ಲಿ ಸರ್ವೇಶ್ವರನು ತನ್ನವರನ್ನು ನೆನೆಯುವವನು. ವಿಮೋಚನಕಾಂಡದ ಮೂರನೆಯ ಅಧ್ಯಾಯದಲ್ಲಿ ಆತನು ದಾಸ್ಯದಲ್ಲಿದ್ದವರ ಸಂಕಟವನ್ನು ಕಂಡು, ಮೊರೆಯನ್ನು ಆಲಿಸಿ, ಇಳಿದುಬರುವವನು. ಇಂಥವನ ಮೇಲೆ ಭಾರ ಹಾಕಿದವರಿಗೆ ಕಣ್ಣು ಕಿವಿಗಳು ಮರಳಿ ದೊರೆಯುತ್ತವೆ. ಆದುದರಿಂದ ಈ ಕೀರ್ತನೆಯನ್ನು ಪ್ರಬೋಧಿಸುವ ಮುನ್ನ, ನೆರೆಯವರ ವಿಗ್ರಹ ಯಾವುದೆಂದು ಅರಸುವುದನ್ನು ಬಿಟ್ಟು, ಯಾರ ಮೊರೆ ನಮಗೆ ಕೇಳಿಸದಾಗಿದೆಯೆಂದು ನಮ್ಮನ್ನೇ ಪ್ರಶ್ನಿಸಿಕೊಳ್ಳುವುದು ಲೇಸು.